ಭತ್ತದ ಬೆಂಕಿರೋಗ ಮತ್ತು ಸಕ್ಕರೆಯ ಮುಸುಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಹಳ್ಳಿಯ ಸಹಕಾರ ಸಂಘ ಇಪ್ಪತ್ತೈದು ವರ್ಷ ನಡೆದುಕೊಂಡು ಬಂತು ಅಂದರೆ ಸಣ್ಣ ಮಾತಲ್ಲ. ಷೇರು ಬಂಡವಾಳ, ಠೇವಣಿ, ಗೋದಾಮು, ಗಿರಣಿ ಇವುಗಳ ಬಗ್ಗೆ ನಮಗಿಂತ ಮುಂಚೆ ಮಾತಾಡಿದವರು ವಿವರವಾಗಿ ಹೇಳಿದ್ದಾರೆ. ನಮಗೆ ವಹಿಸಿರುವ ವಿಷಯ ಭತ್ತದ ಬೆಂಕಿರೋಗ. ಹಬ್ಬದ ದಿನ ರೋಗದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಈ ಸಂಘದ ಲೆಕ್ಕದ ಪುಸ್ತಕದಲ್ಲಿ ಬಾಕಿ ಅಂತ ಬರೆದಿರುವ ಎಷ್ಟೋ ಸಾಲುಗಳ ಹಿಂದೆ ಈ ರೋಗ ಇದೆ. ಆದ್ದರಿಂದ ಇದೂ ಸಂಘದ ಇತಿಹಾಸವೇ ಅಂತ ನಾವು ತಿಳಿದಿದ್ದೇವೆ.

ಸಂಘ ಶುರುವಾಗಿ ಐದಾರು ವರ್ಷ ಆಗಿತ್ತು. ಆಗ ನಾವೂ ಆಡಳಿತ ಮಂಡಳಿಯಲ್ಲಿದ್ದೆವು. ಆ ವರ್ಷ ಗದ್ದೆಗಳು ನೋಡೋಕೆ ಬಲು ಚೆನ್ನಾಗಿದ್ದವು. ಕಪ್ಪು ಬೆರೆತ ಹಸಿರು. ಹೊಡೆ ತುಂಬುವ ಹೊತ್ತಿಗೆ ಮೋಡ ಹಿಡಿಯಿತು, ಬೆಳಗಿನ ತನಕ ಇಬ್ಬನಿ, ಮಧ್ಯೆ ಮಧ್ಯೆ ಜಿಟಿಜಿಟಿ ಮಳೆ. ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡಿತು. ಕೆಳಗಿನ ಕೇರಿಯ ಒಬ್ಬ ಸದಸ್ಯರು ನಮ್ಮ ಹತ್ತಿರ ಬಂದು, "ಮೇಷ್ಟ್ರೆ, ಔಷಧಿ ಹೊಡಿಬೇಕಾ?" ಅಂತ ಕೇಳಿದರು. ನಾವು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವರು, ನಮ್ಮ ಮಾತಿಗೆ ಊರಿನಲ್ಲಿ ಬೆಲೆ ಇತ್ತು. "ಸುಮ್ಮನೆ ಯಾಕೆ ದುಡ್ಡು ಹಾಳು? ಇನ್ನೊಂದು ನಾಲ್ಕು ದಿನ ನೋಡೋಣ" ಅಂದುಬಿಟ್ಟೆವು. ಒಂದು ವಾರ ಕಳೆದು ನೋಡಿದರೆ ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಬೀಳುತ್ತಿತ್ತು. ತೆನೆ ಬಿಳಿಚಿಕೊಂಡು ನೆಟ್ಟಗೆ ನಿಂತಿತ್ತು. ಕಾಳು ತುಂಬಿದ ತೆನೆ ಬಾಗುತ್ತೆ, ಜೊಳ್ಳು ತೆನೆ ಬಾಗೋದಿಲ್ಲ. ಆಮೇಲೆ ಎಲ್ಲರೂ ಓಡಿ ಬಂದು ಸಂಘದಲ್ಲಿ ಮತ್ತೆ ಸಾಲ ಮಾಡಿ ಔಷಧಿ ಹೊಡೆದರು. ಏನೂ ಉಪಯೋಗ ಆಗಲಿಲ್ಲ. ಆ ಸದಸ್ಯರು ಮುಂದಿನ ಎರಡು ಸರ್ವಸದಸ್ಯರ ಸಭೆಗೆ ಬರಲಿಲ್ಲ. ಬಾಕಿದಾರರ ಪಟ್ಟಿಯಲ್ಲಿ ಹೆಸರು ಓದುತ್ತಾರೆ ಅನ್ನುವ ನಾಚಿಕೆಗೆ ಬರಲಿಲ್ಲ.

ನಾಲ್ಕು ದಿನ ಕಾಯೋಣ ಅಂದಿದ್ದು ಎಂಥ ತಪ್ಪು ಅನ್ನುವುದು ನಮಗೆ ಆಗ ಗೊತ್ತಿರಲಿಲ್ಲ. ಬಹಳ ವರ್ಷ ಆದ ಮೇಲೆ, ನಿವೃತ್ತಿಯಾಗಿ ಸ್ವಲ್ಪ ಓದಿಕೊಂಡ ಮೇಲೆ ತಿಳಿಯಿತು. ಆ ನಾಲ್ಕು ದಿನಗಳಲ್ಲಿ ಎಲೆಯ ಒಳಗೆ ಏನು ನಡೆಯುತ್ತೆ ಅನ್ನುವುದನ್ನೇ ಇವತ್ತು ಹೇಳೋಣ ಅಂತಿದ್ದೇವೆ.

ಬೆಂಕಿರೋಗ ತರುವುದು ಒಂದು ಶಿಲೀಂಧ್ರ. ನಮ್ಮ ಆಡುಮಾತಿನಲ್ಲಿ ಬೂಷ್ಟು. ವಿಜ್ಞಾನಿಗಳು ಇದಕ್ಕೆ ಮ್ಯಾಗ್ನಪೋರ್ತೆ ಒರೈಜೆ ಅಂತ ಹೆಸರಿಟ್ಟಿದ್ದಾರೆ. ರಾಗಿಯ ಬೆಂಕಿರೋಗಕ್ಕೂ ಇದೇ ಜಾತಿಯ ಶಿಲೀಂಧ್ರ ಕಾರಣ, ಆದರೆ ಪಂಗಡ ಬೇರೆ. ಇದೇ ಜಾತಿಯ ಇನ್ನೊಂದು ಪಂಗಡ 1985ರಲ್ಲಿ ಬ್ರೆಜಿಲ್ ದೇಶದಲ್ಲಿ ಗೋಧಿಗೆ ಬಿತ್ತು. 2016ರಲ್ಲಿ ನಮ್ಮ ಪಕ್ಕದ ಬಾಂಗ್ಲಾದೇಶಕ್ಕೆ ಬಂದು ಸುಮಾರು 15,000 ಹೆಕ್ಟೇರು ಗೋಧಿಯನ್ನು ಹಿಡಿಯಿತು.

ಇದರ ಬೀಜಾಣು ಕಣ್ಣಿಗೆ ಕಾಣದಷ್ಟು ಸಣ್ಣದು. ಮೂರು ಕೋಣೆಯ ಪುಟ್ಟ ಕಾಯಿಯ ಹಾಗಿರುತ್ತೆ. ಗಾಳಿಯಲ್ಲಿ ತೇಲಿ ಬಂದು ಒದ್ದೆ ಎಲೆಯ ಮೇಲೆ ಕೂರುತ್ತೆ. ಭತ್ತದ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ, ಜಾರಿಹೋಗುತ್ತೆ. ಹಾಗಿದ್ದರೆ ಬೀಜಾಣು ಹೇಗೆ ಕಚ್ಚಿಕೊಳ್ಳುತ್ತೆ? ಅದರ ತುದಿಯಲ್ಲಿ ಒಂದು ತೊಟ್ಟು ಅಂಟು ಇರುತ್ತೆ, ಒದ್ದೆಯಾದ ಕೂಡಲೆ ಹೊರಗೆ ಬರುತ್ತೆ. 1988ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ತೋರಿಸಿದರು. ಆ ಅಂಟಿನಲ್ಲಿ ಸಕ್ಕರೆಯ ಅಂಶ ಇದೆ. ಆ ಸಕ್ಕರೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಒಂದು ಪದಾರ್ಥ ಬೆರೆಸಿದರೆ ಬೀಜಾಣುವಿಗೆ ಅಂಟಿಕೊಳ್ಳೋಕೆ ಆಗೋದಿಲ್ಲ. ಸಕ್ಕರೆಯ ಮಾತು ಮುಂದೆಯೂ ಬರುತ್ತೆ, ನೆನಪಿನಲ್ಲಿಡಿ.

ಅಂಟಿಕೊಂಡ ಬೀಜಾಣು ಮೊಳಕೆ ಒಡೆಯುತ್ತೆ. ಮೊಳಕೆಯ ತುದಿ ಉಬ್ಬಿ ಒಂದು ಗುಮ್ಮಟ ಆಗುತ್ತೆ. ಗುಮ್ಮಟದ ಗೋಡೆಗೆ ಕಪ್ಪು ಬಣ್ಣದ ಲೇಪ ಹಚ್ಚಿಕೊಂಡು ಒಳಗೆ ಒತ್ತಡ ಏರಿಸಿಕೊಳ್ಳುತ್ತೆ. ಎಷ್ಟು ಒತ್ತಡ? 1991ರಲ್ಲಿ ಅಳೆದು ನೋಡಿದಾಗ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು ಬಂತು. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಯ ಹತ್ತಿರ ಹತ್ತಿರ 40 ಪಟ್ಟು. ಆ ಒತ್ತಡದಿಂದ ಸಣ್ಣ ಮೊಳೆಯಂಥ ಎಳೆಯನ್ನು ಎಲೆಗೆ ಚುಚ್ಚಿ ಒಳಗೆ ಹೋಗುತ್ತೆ. ಇಷ್ಟೆಲ್ಲ ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಯುತ್ತೆ. ಆದರೆ ನಮ್ಮ ಕಣ್ಣಿಗೆ ಕದಿರಿನಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು, ಕಾಣಿಸೋದು ನಾಲ್ಕೈದು ದಿನ ಆದ ಮೇಲೆ.

ಈ ನಾಲ್ಕೈದು ದಿನ ಭತ್ತದ ಗಿಡ ಏನು ಮಾಡ್ತಾ ಇರುತ್ತೆ? ಗಿಡ ಸುಮ್ಮನಿರುವ ಪ್ರಾಣಿ ಅಲ್ಲ, ಅದಕ್ಕೂ ಕಾವಲು ಇದೆ. ಶಿಲೀಂಧ್ರದ ಮೈಗೋಡೆ ಕೈಟಿನ್ ಅನ್ನುವ ವಸ್ತುವಿನಿಂದ ಆಗಿರುತ್ತೆ. ಸೀಗಡಿಯ ಚಿಪ್ಪು, ಏಡಿಯ ಚಿಪ್ಪಿನಲ್ಲಿರುವುದೂ ಇದೇ ಕೈಟಿನ್. ಗಿಡದ ಮೈಯಲ್ಲಿ ಕೈಟಿನ್ ಇಲ್ಲ. ಆದ್ದರಿಂದ ಕೈಟಿನ್ ಚೂರು ಸಿಕ್ಕಿತು ಅಂದರೆ ಹೊರಗಿನವನು ನುಗ್ಗಿದ್ದಾನೆ ಅಂತಲೇ ಅರ್ಥ. ಭತ್ತದ ಕೋಶದ ಹೊರಮೈಯಲ್ಲಿ ಕೈಟಿನ್ ಚೂರನ್ನು ಗುರುತು ಹಿಡಿಯುವ ಒಂದು ಪ್ರೋಟೀನು ಕಾವಲು ನಿಂತಿರುತ್ತೆ. 2006ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಈ ಕಾವಲುಗಾರನಿಗೆ ಚೂರು ಸಿಕ್ಕಿದ ಕೂಡಲೆ ಗಿಡ ಎಚ್ಚರ ಆಗುತ್ತೆ, ಗೋಡೆ ದಪ್ಪ ಮಾಡಿಕೊಳ್ಳುತ್ತೆ, ಹೈಡ್ರೊಜನ್ ಪೆರಾಕ್ಸೈಡಿನಂಥ ಉರಿಯುವ ರಸಗಳನ್ನು ಸುರಿಯುತ್ತೆ. ಎಷ್ಟೋ ಬಗೆಯ ಬೂಷ್ಟು ದಿನಾ ಎಲೆಯ ಮೇಲೆ ಬಿದ್ದರೂ ಗಿಡ ಬದುಕಿರುವುದು ಇಂಥ ಕಾವಲಿನಿಂದಲೇ.

ಹಾಗಾದರೆ ಬೆಂಕಿರೋಗದ ಶಿಲೀಂಧ್ರ ಈ ಕಾವಲನ್ನು ಹೇಗೆ ದಾಟುತ್ತೆ? ಇದಕ್ಕೆ ಉತ್ತರ ಹೇಳೋದಕ್ಕೆ ಮೊದಲು ಇವತ್ತು ಬೆಳಿಗ್ಗೆ ಈ ಶಾಲೆಯ ಅಂಗಳದಲ್ಲಿ ನಡೆದ ರಕ್ತದಾನ ಶಿಬಿರವನ್ನು ನೆನಪು ಮಾಡ್ತೇವೆ. ರಕ್ತ ಕೊಟ್ಟವರಿಗೆಲ್ಲ ಗುಂಪು ಬರೆದ ಚೀಟಿ ಸಿಕ್ಕಿದೆ. ಎ, ಬಿ, ಒ ಅಂತ. ಈ ಗುಂಪುಗಳನ್ನು 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಕಂಡುಹಿಡಿದರು. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಏನು ಗೊತ್ತೆ? ರಕ್ತಕಣದ ಹೊರಮೈಯಲ್ಲಿ ಸಕ್ಕರೆಯ ಸಣ್ಣ ಸರ ಇರುತ್ತೆ. ಅದರ ತುದಿಯ ಒಂದೇ ಒಂದು ಸಕ್ಕರೆ ಬೇರೆ, ಅಷ್ಟೆ. ಒ ಗುಂಪಿನವರಿಗೆ ಆ ತುದಿಯ ಸಕ್ಕರೆಯೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಪ್ಪು ರಕ್ತ ಕೊಟ್ಟರೆ ಪ್ರಾಣ ಹೋಗುತ್ತೆ. ಮೈಯಲ್ಲಿ ನಮ್ಮವರು ಯಾರು, ಪರಕೀಯರು ಯಾರು ಅಂತ ಗುರುತಿಸುವ ಎಷ್ಟೋ ವ್ಯವಹಾರ ಸಕ್ಕರೆಯ ಮೇಲೆ ನಿಂತಿದೆ.

ಸಕ್ಕರೆ ಅಂದರೆ ಇಲ್ಲಿ ಚಹಾಕ್ಕೆ ಹಾಕುವ ಸಕ್ಕರೆ ಅಲ್ಲ. ಗ್ಲೂಕೋಸ್, ಮ್ಯಾನೋಸ್ ಇಂಥವು. ನಮ್ಮ ಮೈಯಲ್ಲಾಗಲಿ, ಭತ್ತದಲ್ಲಾಗಲಿ, ಬೂಷ್ಟಿನಲ್ಲಾಗಲಿ, ಕೋಶದ ಒಳಗೆ ಪ್ರೋಟೀನು ತಯಾರಾದ ಮೇಲೆ ಅನೇಕ ಪ್ರೋಟೀನುಗಳಿಗೆ ಸಕ್ಕರೆಯ ಸರ ತೊಡಿಸುವ ಕೆಲಸ ಇದೆ. ಇದಕ್ಕೆ ಗ್ಲೈಕೋಸೈಲೇಷನ್ ಅಂತ ಹೆಸರು. ಹೆಸರು ದೊಡ್ಡದು, ಕೆಲಸ ನಮ್ಮ ಹೆಂಗಸರು ಹೂ ಪೋಣಿಸಿದ ಹಾಗೆ. ಒಂದು ಬಗೆಯಲ್ಲಿ 14 ಸಕ್ಕರೆಗಳ ಕವಲು ಕವಲಾದ ಸರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡು, ಪ್ರೋಟೀನಿನ ಗೊತ್ತಾದ ಜಾಗಕ್ಕೆ ಒಂದೇ ಸಲಕ್ಕೆ ಕಟ್ಟುತ್ತೆ. ಆ 14ರಲ್ಲಿ ಒಂಬತ್ತು ಮ್ಯಾನೋಸ್, ಮೂರು ಗ್ಲೂಕೋಸ್, ಇನ್ನೆರಡು ಬೇರೆ. ಕಟ್ಟಿದ ಮೇಲೆ ತುದಿಯ ಗ್ಲೂಕೋಸುಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಪ್ರೋಟೀನು ಸರಿಯಾಗಿ ಮಡಿಚಿಕೊಂಡಿದೆಯೋ ಇಲ್ಲವೋ ಅಂತ ಪರೀಕ್ಷೆ ನಡೆಯುತ್ತೆ. ಗಿರಣಿಯಲ್ಲಿ ಅಕ್ಕಿಯ ಮಾದರಿ ತೆಗೆದು ನೋಡಿ ಚೀಲಕ್ಕೆ ಮುದ್ರೆ ಹಾಕ್ತಾರಲ್ಲ, ಹಾಗೆ. ಪಾಸಾದದ್ದು ಹೊರಗೆ ಹೋಗುತ್ತೆ, ಕೆಟ್ಟದ್ದನ್ನು ಒಡೆದು ಹಾಕುತ್ತೆ. ಸಕ್ಕರೆ ತೊಟ್ಟ ಪ್ರೋಟೀನು ಬೇಗ ಹಾಳಾಗದೆ ಗಟ್ಟಿಯಾಗಿರುತ್ತೆ.

ಈಗ ಬೆಂಕಿರೋಗಕ್ಕೆ ಬರೋಣ. 2012ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನಿಕ್ ಟಾಲ್ಬಟ್ ಅವರ ತಂಡ ಮತ್ತು ಜೊತೆಗಾರರು ಒಂದು ವಿಷಯ ಪ್ರಕಟಿಸಿದರು. ಈ ಶಿಲೀಂಧ್ರ ಭತ್ತದ ಕೋಶದೊಳಗೆ ಹೋದಾಗ ಎಸ್.ಎಲ್.ಪಿ.-1 ಅನ್ನುವ ಪ್ರೋಟೀನನ್ನು ತನ್ನ ಎಳೆಗಳ ಸುತ್ತ ಬಿಡುತ್ತೆ. ಈ ಪ್ರೋಟೀನಿನ ಕೆಲಸ ಒಂದೇ. ತನ್ನ ಮೈಯಿಂದ ಉದುರಿದ ಕೈಟಿನ್ ಚೂರುಗಳನ್ನು ಗಿಡದ ಕಾವಲುಗಾರನ ಕೈಗೆ ಸಿಗೋದಕ್ಕೆ ಮೊದಲೇ ತಾನು ಹಿಡಿದುಕೊಳ್ಳೋದು. ಕಳ್ಳ ಮನೆಯೊಳಗೆ ಬಂದು, ತನ್ನ ಹೆಜ್ಜೆ ಗುರುತನ್ನು ಹಿಂದೆ ಹಿಂದೆಯೇ ಗುಡಿಸಿಕೊಂಡು ಹೋದ ಹಾಗೆ. ಕಾವಲುಗಾರನಿಗೆ ಚೂರು ಸಿಗೋದಿಲ್ಲ, ಎಚ್ಚರಿಕೆಯ ಗಂಟೆ ಬಾರಿಸೋದಿಲ್ಲ. ಶಿಲೀಂಧ್ರ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ನೆಮ್ಮದಿಯಾಗಿ ಹಬ್ಬುತ್ತೆ. ಈ ಹೊತ್ತಿನಲ್ಲಿ ಕೋಶಗಳು ಇನ್ನೂ ಸತ್ತಿರೋದಿಲ್ಲ, ಆದ್ದರಿಂದ ನಮ್ಮ ಕಣ್ಣಿಗೂ ಏನೂ ಕಾಣೋದಿಲ್ಲ.

2014ರಲ್ಲಿ ಬೀಜಿಂಗಿನ ಚೀನಾ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಟಾಲ್ಬಟ್ ಅವರ ಜೊತೆಗೂಡಿ ಮುಂದಿನ ಗಂಟು ಬಿಡಿಸಿದರು. ಸಕ್ಕರೆಯ ಸರ ಸಿದ್ಧಪಡಿಸುವಾಗ ಆರನೆಯ ಮ್ಯಾನೋಸನ್ನು ಪೋಣಿಸುವ ಒಂದು ಕಿಣ್ವ ಇದೆ, ಹೆಸರು ಎ.ಎಲ್.ಜಿ.-3. ಶಿಲೀಂಧ್ರದಲ್ಲಿ ಈ ಒಂದು ಕಿಣ್ವವನ್ನು ತೆಗೆದುಹಾಕಿ ನೋಡಿದರು. ಎಲೆಯ ಒಳಗೆ ಹೋದ ಶಿಲೀಂಧ್ರ ಹಬ್ಬುವುದು ಕುಂಠಿತವಾಯಿತು. ಗಿಡಕ್ಕೆ ಎಚ್ಚರ ಆಗಿ ಉರಿಯುವ ರಸ ಸುರಿಯಿತು, ರೋಗ ಇಳಿಯಿತು. ಯಾಕೆ ಅಂತ ಹುಡುಕಿದಾಗ ಉತ್ತರ ಆ ಎಸ್.ಎಲ್.ಪಿ.-1 ಪ್ರೋಟೀನಿನಲ್ಲೇ ಸಿಕ್ಕಿತು. ಅದಕ್ಕೆ ಮೂರು ಕಡೆ ಸಕ್ಕರೆಯ ಸರ ಕಟ್ಟಬೇಕು. ಆ ಸರ ಸರಿಯಾಗಿ ಬೀಳದೆ ಹೋದರೆ ಪ್ರೋಟೀನು ಬೇಗ ಹಾಳಾಗುತ್ತೆ, ಕೈಟಿನ್ ಚೂರನ್ನು ಸರಿಯಾಗಿ ಹಿಡಿಯೋಕೂ ಆಗೋದಿಲ್ಲ. ಪೊರಕೆಯ ಕಟ್ಟು ಬಿಚ್ಚಿದರೆ ಗುಡಿಸೋಕೆ ಆಗುತ್ತಾ? ಹಾಗಾಯಿತು. ಅಂದರೆ ಇಡೀ ಗದ್ದೆಯನ್ನು ಸುಡುವ ರೋಗದ ಬಲ ಈ ಸಕ್ಕರೆ ಪೋಣಿಸುವ ಕೆಲಸದ ಮೇಲೂ ನಿಂತಿದೆ.

ಇದು ಭತ್ತಕ್ಕೆ ಮಾತ್ರ ಸೇರಿದ್ದಲ್ಲ. ಮುಸುಕಿನ ಜೋಳಕ್ಕೆ ಬರುವ ಕಾಡಿಗೆ ರೋಗದ ಶಿಲೀಂಧ್ರದಲ್ಲೂ ಸ್ಪೇನ್ ದೇಶದವರು 2009ರಲ್ಲಿ ಇಂಥದ್ದೇ ಕಂಡರು. ಅಲ್ಲಿ ಮ್ಯಾನೋಸನ್ನು ಬೇರೊಂದು ರೀತಿಯಲ್ಲಿ ಅಂಟಿಸುವ ಪಿ.ಎಂ.ಟಿ.-4 ಎಂಬ ಕಿಣ್ವ ಇಲ್ಲದಿದ್ದರೆ ಶಿಲೀಂಧ್ರಕ್ಕೆ ಗಿಡದೊಳಗೆ ನುಗ್ಗುವುದಕ್ಕೇ ಆಗಲಿಲ್ಲ.

ಸರಿ ಮೇಷ್ಟ್ರೆ, ಹಾಗಾದರೆ ಆ ಸಕ್ಕರೆ ಪೋಣಿಸುವುದನ್ನೇ ನಿಲ್ಲಿಸುವ ಔಷಧಿ ಕೊಡಿ ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ತೊಂದರೆ ಏನಪ್ಪಾ ಅಂದರೆ, ಆ ಕಾರ್ಖಾನೆ ಭತ್ತದಲ್ಲೂ ಇದೆ, ದನದಲ್ಲೂ ಇದೆ, ನಮ್ಮಲ್ಲೂ ಇದೆ. ಬಹಳಮಟ್ಟಿಗೆ ಒಂದೇ ಬಗೆಯದು. ಟ್ಯುನಿಕಮೈಸಿನ್ ಅನ್ನುವ ಒಂದು ವಸ್ತು ಈ ಕೆಲಸವನ್ನು ಮೊದಲ ಹೆಜ್ಜೆಯಲ್ಲೇ ನಿಲ್ಲಿಸುತ್ತೆ. ಆದರೆ ಅದು ಪ್ರಾಣಿಗಳಿಗೆ ವಿಷ. ಪ್ರಯೋಗಶಾಲೆಯಲ್ಲಿ ಉಪಯೋಗಿಸುತ್ತಾರೆಯೇ ಹೊರತು ಗದ್ದೆಗೆ ತರೋ ಹಾಗಿಲ್ಲ. ಎ.ಎಲ್.ಜಿ.-3 ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿಗೆ ತೀವ್ರವಾದ ಕಾಯಿಲೆ ಬರುತ್ತೆ. ಆದ್ದರಿಂದ ಶಿಲೀಂಧ್ರದ ಕಿಣ್ವಕ್ಕೆ ಮಾತ್ರ ತಾಗಿ ನಮ್ಮದಕ್ಕೆ ತಾಗದಂಥ ಔಷಧಿ ಬೇಕು. ಅದು ಸುಲಭದ ಕೆಲಸ ಅಲ್ಲ. ಅಷ್ಟರಲ್ಲಿ ಯಾರಾದರೂ ಬಂದು ಹೊಸ ವಿಜ್ಞಾನದ ಔಷಧಿ ಅಂತ ಬಣ್ಣದ ಡಬ್ಬಿ ಮಾರಿದರೆ ಎರಡು ಸಲ ಯೋಚನೆ ಮಾಡಿ.

ಆದರೆ ರೋಗ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ದಾರಿ ಸಿಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಗುಮ್ಮಟಕ್ಕೆ ಕಪ್ಪು ಲೇಪ ಹಚ್ಚಿಕೊಳ್ಳುತ್ತೆ ಅಂದೆವಲ್ಲ, ಅದೇ ಮೆಲನಿನ್. ನಮಗೆಲ್ಲ ಗೊತ್ತಿರುವ ಟ್ರೈಸೈಕ್ಲಜೋಲ್ ಆ ಲೇಪ ತಯಾರಾಗುವುದನ್ನು ತಡೆಯುತ್ತೆ. ಲೇಪ ಇಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲೋದಿಲ್ಲ, ಎಲೆ ಚುಚ್ಚೋಕೆ ಆಗೋದಿಲ್ಲ. ಈಗ ಹೇಳಿ, ಒಳಗೆ ಹೋಗಿ ನಾಲ್ಕು ದಿನ ಆದ ಶಿಲೀಂಧ್ರಕ್ಕೆ ಈ ಔಷಧಿ ಏನು ಮಾಡೀತು? ಬಾಗಿಲು ಕಾಯುವ ಔಷಧಿಯನ್ನು ಕಳ್ಳ ಒಳಗೆ ಸೇರಿದ ಮೇಲೆ ಹೊಡೆದರೆ ಹೇಗೆ? ಆ ವರ್ಷ ನಾವು ಮಾಡಿದ್ದು ಇದನ್ನೇ. ಔಷಧಿ ಸುಳ್ಳು ಅಂತ ಬೈದೆವು. ಔಷಧಿ ಸುಳ್ಳಾಗಿರಲಿಲ್ಲ, ಹೊತ್ತು ತಪ್ಪಿತ್ತು. ಇನ್ನೊಂದು ಮಾತು, ಯೂರೋಪಿನವರು 2017ರಲ್ಲಿ ಅಕ್ಕಿಯಲ್ಲಿ ಈ ಔಷಧಿಯ ಉಳಿಕೆ ಕೆ.ಜಿ.ಗೆ 0.01 ಮಿಲಿಗ್ರಾಂ ಮೀರಬಾರದು ಅಂತ ಗೊತ್ತು ಮಾಡಿದರು. ಆದ್ದರಿಂದ ಯಾವ ಔಷಧಿ, ಎಷ್ಟು, ಕುಯ್ಲಿಗೆ ಎಷ್ಟು ದಿನ ಮೊದಲು ಅನ್ನುವುದನ್ನು ಆಯಾ ವರ್ಷ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಹೊಡೆಯಬೇಕು.

ಇನ್ನು ನಾವು ಮಾಡಬೇಕಾದ್ದು ಏನು? ಗಿಡದ ಕಾವಲುಗಾರನಿಗೆ ಮೋಸ ಆಗುತ್ತೆ ಅಂತ ಗೊತ್ತಾದ ಮೇಲೆ ನಾವು ಎರಡನೆಯ ಕಾವಲು ಆಗಬೇಕು.

ಮೊದಲನೆಯದು ಯೂರಿಯಾ. ನೂರು ಕೆ.ಜಿ. ಯೂರಿಯಾದಲ್ಲಿ 46 ಕೆ.ಜಿ. ಸಾರಜನಕ ಇರುತ್ತೆ. ಸಾರಜನಕ ಹೆಚ್ಚಾದರೆ ಎಲೆ ಮೆದುವಾಗಿ ಬೆಂಕಿರೋಗಕ್ಕೆ ಸುಲಭವಾಗಿ ಬಗ್ಗುತ್ತೆ. ಪಕ್ಕದವನ ಗದ್ದೆ ಕಪ್ಪಗೆ ಕಾಣ್ತದೆ ಅಂತ ನಾವೂ ಇನ್ನೊಂದು ಚೀಲ ಸುರಿಯೋದು, ಅವನು ನಮ್ಮನ್ನು ನೋಡಿ ಮತ್ತೊಂದು ಸುರಿಯೋದು. ಆ ವರ್ಷದ ಚೆಂದದ ಹಸಿರು ಬಂದದ್ದು ಎಲ್ಲಿಂದ ಅಂದರೆ ನಮ್ಮ ಸಂಘದ ಗೋದಾಮಿನಿಂದ. ಮಾರಿದವರು ನಾವೇ, ಲೆಕ್ಕ ನೋಡಿ ಹಿಗ್ಗಿದವರೂ ನಾವೇ. ಮಣ್ಣು ಪರೀಕ್ಷೆ ಮಾಡಿಸಿ, ಎಷ್ಟು ಬೇಕೋ ಅಷ್ಟನ್ನೇ ಎರಡು ಮೂರು ಕಂತಿನಲ್ಲಿ ಕೊಡಿ. ಚುಕ್ಕೆ ಕಂಡ ಗದ್ದೆಗೆ ಮೇಲುಗೊಬ್ಬರವಾಗಿ ಯೂರಿಯಾ ಹಾಕಲೇಬೇಡಿ.

ಎರಡನೆಯದು ಉಮಿಯ ಬೂದಿ. ಭತ್ತದ ಎಲೆ ಕೈಗೆ ತಾಗಿದರೆ ಕುಯ್ಯುತ್ತೆ. ಅದಕ್ಕೆ ಕಾರಣ ಎಲೆಯಲ್ಲಿರುವ ಸಿಲಿಕ. ಸಿಲಿಕ ಚೆನ್ನಾಗಿ ಸಿಕ್ಕಿದ ಭತ್ತಕ್ಕೆ ಬೆಂಕಿರೋಗ ಕಡಿಮೆ ಅನ್ನುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಸುಟ್ಟ ಉಮಿಯ ಬೂದಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಿಲಿಕವೇ. ನಮ್ಮ ಗಿರಣಿಯ ಹಿಂದೆ ರಾಶಿ ಬಿದ್ದು ಗಾಳಿಗೆ ಹಾರುತ್ತಿರುವ ಬೂದಿಯನ್ನು ಸಸಿಮಡಿಗೆ, ಗದ್ದೆಗೆ ಸೇರಿಸಬಹುದು.

ಮೂರನೆಯದು ತಳಿ ಮತ್ತು ಬೀಜ. ಕೊಡಗಿನ ಪೊನ್ನಂಪೇಟೆಯಲ್ಲಿ ಬೆಂಕಿರೋಗ ಜಾಸ್ತಿ. ಅದಕ್ಕೇ ಅಲ್ಲಿ ಭತ್ತದ ತಳಿಗಳನ್ನು ಸಾಲು ಸಾಲಾಗಿ ಬೆಳೆಸಿ ಯಾವುದು ತಡೆಯುತ್ತೆ ಅಂತ ನೋಡ್ತಾರೆ. ರಾಗಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಯು.-28 ಬೆಂಕಿರೋಗವನ್ನು ತಡೆಯುವುದಕ್ಕೇ ಹೆಸರಾಯಿತು. ಆದರೆ ಒಂದೇ ತಳಿಯನ್ನು ಊರಿಗೆ ಊರೇ ವರ್ಷಾನುಗಟ್ಟಲೆ ಹಾಕಿದರೆ ಶಿಲೀಂಧ್ರ ಹೊಸ ವೇಷ ಕಲಿಯುತ್ತೆ. ಎರಡು ಮೂರು ತಳಿ ಹಂಚಿಕೊಂಡು ಬೆಳೆಯೋದು ಒಳ್ಳೆಯದು. ರೋಗ ಬಿದ್ದ ಗದ್ದೆಯ ಬೀಜವನ್ನು ಇಟ್ಟುಕೊಳ್ಳಬಾರದು, ಆ ಹುಲ್ಲನ್ನು ಸಸಿಮಡಿಯ ಹತ್ತಿರ ಒಟ್ಟಬಾರದು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊತ್ತು. ಎಲೆಯಲ್ಲಿ ಚುಕ್ಕೆ ಇದ್ದು, ಹೊಡೆ ತುಂಬುವಾಗ ಮೋಡ, ಇಬ್ಬನಿ ಹಿಡಿದರೆ ಕುತ್ತಿಗೆ ಕಪ್ಪಾಗಲಿ ಅಂತ ಕಾಯಬಾರದು. ಔಷಧಿ ಹೊಡೆಯುವುದಿದ್ದರೆ ತೆನೆ ಹೊರಬರುವ ಹೊತ್ತಿಗೆ ಮುಗಿದಿರಬೇಕು. ಕುತ್ತಿಗೆ ಕಪ್ಪಾದ ಮೇಲೆ ಹೊಡೆಯುವ ಔಷಧಿಯ ದುಡ್ಡನ್ನು ಉಳಿಸಿಕೊಳ್ಳಿ.

ಇದರಲ್ಲಿ ಒಬ್ಬರೇ ಮಾಡಿ ಪ್ರಯೋಜನ ಆಗದ ಕೆಲಸ ಬಹಳ ಇದೆ. ಬೀಜಾಣುವಿಗೆ ಬೇಲಿ ಇಲ್ಲ, ಸರ್ವೆ ನಂಬರು ಇಲ್ಲ. ನಮ್ಮ ಗದ್ದೆಯ ಒಂದು ಚುಕ್ಕೆಯಿಂದ ಒಂದು ರಾತ್ರಿಗೆ ಸಾವಿರಾರು ಬೀಜಾಣು ನಿಮ್ಮ ಗದ್ದೆಗೆ ಬರಬಹುದು. ಆದ್ದರಿಂದ ಸಂಘದ ಮುಂದೆ ನಾವು ಒಂದು ಸಲಹೆ ಇಡುತ್ತೇವೆ. ಕೇರಿಗೆ ಒಬ್ಬರಂತೆ ಆರಿಸಿ, ಹೊಡೆ ತುಂಬುವ ಮೊದಲಿನಿಂದ ತೆನೆ ಬರುವ ತನಕ ಎರಡು ದಿನಕ್ಕೊಮ್ಮೆ ಗದ್ದೆ ಸುತ್ತಿ ನೋಡಲಿ. ಚುಕ್ಕೆ ಕಂಡ ದಿನವೇ ಸಂಘದ ಕಚೇರಿಯ ಮುಂದಿನ ಕಪ್ಪು ಹಲಗೆಯ ಮೇಲೆ ಬರೆಯಲಿ. ಯಾರ ಗದ್ದೆ ಅಂತ ಬರೆಯೋದು ಬೇಡ, ಯಾವ ಬಯಲು ಅಂತ ಬರೆದರೆ ಸಾಕು. ತಮ್ಮ ಗದ್ದೆಗೆ ರೋಗ ಬಂದಿದೆ ಅನ್ನೋದನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿದೆ. ಬೀಜ ಕೊಂಡುಕೊಳ್ಳೋದಿಲ್ಲ ಅಂತಲೋ, ನಾಚಿಕೆಗೋ. ಹೀಗೆ ಮುಚ್ಚಿಟ್ಟರೆ ಶಿಲೀಂಧ್ರ ಹೆಜ್ಜೆ ಗುಡಿಸುವ ಕೆಲಸಕ್ಕೆ ನಾವೂ ಕೈಜೋಡಿಸಿದ ಹಾಗಾಗುತ್ತೆ.

ಕೊನೆಯದಾಗಿ, ಆ ಕೆಳಗಿನ ಕೇರಿಯ ಸದಸ್ಯರ ಮಾತು ಹೇಳಿ ಮುಗಿಸುತ್ತೇವೆ. ಅವರು ಮೂರು ವರ್ಷ ಕಷ್ಟಪಟ್ಟು ಬಾಕಿ ತೀರಿಸಿದರು. ತೀರಿಸಿದ ದಿನ ರಸೀತಿ ಹಿಡಿದುಕೊಂಡು ನಮ್ಮ ಮನೆಗೆ ಬಂದು ತೋರಿಸಿದರು. ನಾವು ಅವತ್ತು, "ತಪ್ಪು ನಮ್ಮದು" ಅಂತ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ. ಕಾಫಿ ಕೊಟ್ಟು ಕಳಿಸಿದೆವು. ಅವರು ಇವತ್ತು ಇದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಮಗ ಸಂಘದ ಸದಸ್ಯನಾಗಿದ್ದಾನೆ. ಇಷ್ಟು ಜನರ ಎದುರು ಆ ಮಾತನ್ನು ಈಗ ಹೇಳುತ್ತಿದ್ದೇವೆ. ಕೇರಿಯ ಕಾವಲಿಗೆ ಮೊದಲನೆಯ ಹೆಸರು ನಮ್ಮದನ್ನೇ ಬರೆದುಕೊಳ್ಳಿ ಅಂತ ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇವೆ.

ಸಂಘ ಇನ್ನೂ ಇಪ್ಪತ್ತೈದು ವರ್ಷ ಬಾಳಿ ಸುವರ್ಣ ಮಹೋತ್ಸವ ಆಚರಿಸಲಿ.